ಹಗ್ಗಕ್ಕೆ ಕರೆಯುವ ದನಿ

ನೀರಿನ ಮೇಲೆ ಒಂದು ಊರು ಇತ್ತು. ಇತ್ತು ಎನ್ನುವುದಕ್ಕಿಂತ ಇರಲಿದೆ ಎನ್ನಬೇಕು. ಇದು ಇನ್ನೂ ಬಾರದ ಕಾಲದ ಮಾತು. ಊರಿನ ಹೆಸರು ತೇಲಿಹಾಳ. ಅಣೆಕಟ್ಟಿನ ಹಿನ್ನೀರು ಏರುತ್ತ ಏರುತ್ತ ಹಳೆಯ ಊರನ್ನು ನುಂಗಿದಾಗ ಹೆಚ್ಚಿನವರು ಸರ್ಕಾರ ತೋರಿಸಿದ ಜಾಗಕ್ಕೆ ಹೋದರು. ನೂರಿಪ್ಪತ್ತು ಮನೆಯವರು ಹೋಗಲಿಲ್ಲ. ಕೆಳಗೆ ನಮ್ಮ ಗುರು ಅಡವಯ್ಯಜ್ಜಾರ ಗದ್ದುಗೆ ಇದೆ, ನೀರು ಮೇಲೆ ಬಂತು, ನಾವೂ ಮೇಲೆ ಬಂದೆವು, ಅಷ್ಟೇ ಎಂದರು. ಗಾಳಿ ತುಂಬಿದ ಪೀಪಾಯಿಗಳ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಮನೆ ಕಟ್ಟಿಕೊಂಡರು. ಪ್ರತಿ ಮನೆಯಿಂದ ಒಂದು ದಪ್ಪ ಹಗ್ಗ ನೀರಿಗಿಳಿದು, ಆಳದಲ್ಲಿ ಅದೇ ಮನೆತನದ ಹಳೆಯ ಮನೆಯ ಬುನಾದಿಗೆ ಬಿಗಿದಿತ್ತು. ಗದ್ದುಗೆಯ ನೇರಕ್ಕೆ, ನೀರಿನ ಮೇಲೆ, ಒಂದು ಪುಟ್ಟ ಗುಡಿಯೂ ತೇಲುತ್ತಿತ್ತು.

ಇಂಥ ಊರಿಗೆ ಇರುವ ಭಯ ಒಂದೇ. ಅಣೆಕಟ್ಟಿನ ಗೇಟು ತೆರೆದಾಗ ನೀರು ಎಳೆಯುತ್ತದೆ. ಅದೇ ಹೊತ್ತಿಗೆ ಪಡುವಣ ಗಾಳಿ ಎದ್ದರೆ ಹಗ್ಗ ಬಿಗಿಯಾಗಿರುವ ಮನೆ ಓರೆಯಾಗಿ ಮುಳುಗುತ್ತದೆ, ತೀರ ಸಡಿಲಾದ ಮನೆ ಪಕ್ಕದ ಮನೆಗೆ ಹೋಗಿ ಗುದ್ದುತ್ತದೆ. ಯಾರು ಎಷ್ಟು ಬಿಡಬೇಕು, ಯಾರು ಎಳೆಯಬೇಕು ಎಂದು ಲೆಕ್ಕ ಹಾಕಲು ಹೊಳೆಗಣ್ಣು ಎಂಬ ಯಂತ್ರವಿತ್ತು. ಪ್ರತಿ ಹಗ್ಗದೊಳಗೆ ಕೂದಲೆಳೆಯಷ್ಟು ಸಣ್ಣ ಗಾಜಿನ ತಂತಿ. ಹಗ್ಗ ಜಗ್ಗಿದಂತೆ ಅದರೊಳಗೆ ಹರಿಯುವ ಬೆಳಕು ಬದಲಾಗುತ್ತದೆ. ಆ ಬೆಳಕನ್ನು ಓದಿ ಯಂತ್ರ ಹೊಳೆಯ ಮನಸ್ಸನ್ನು ಅರಿಯುತ್ತದೆ. ಹಗ್ಗ ಸುತ್ತಲು ಮೊದಮೊದಲು ಮೋಟಾರು ಇಟ್ಟಿದ್ದರು. ಅಂತರಗಂಗೆ ಕಳೆಯ ಬೇರು ಸುತ್ತಿಕೊಂಡು ಸರಿಯಾಗಿ ಮಳೆಗಾಲದಲ್ಲೇ ಅವು ನಿಂತುಬಿಡುತ್ತಿದ್ದವು. ಹಾಗಾಗಿ ಮನೆಗೊಂದು ಕೈರಾಟೆ ಬಂತು. ಯಂತ್ರ ದನಿಪೆಟ್ಟಿಗೆಯಲ್ಲಿ ಹೇಳಬೇಕು, ಮನುಷ್ಯರು ತಿರುಗಿಸಬೇಕು.

ಯಂತ್ರ ಹೇಳುತ್ತಲೇ ಇತ್ತು. ಮನುಷ್ಯರು ಕೇಳುತ್ತಿರಲಿಲ್ಲ.

ಕಾರ್ಖಾನೆಯಿಂದ ಬಂದ ದನಿ ಅದು. "ಗೌರವಾನ್ವಿತ ನಿವಾಸಿಗಳೇ, ತಾವು ತಮ್ಮ ಹಗ್ಗವನ್ನು ಎರಡು ಸುತ್ತು ಸಡಿಲಿಸತಕ್ಕದ್ದು" ಎಂದು ಅದು ಶುರುಮಾಡಿದರೆ ಮಕ್ಕಳು ಮೂಗು ಹಿಡಿದುಕೊಂಡು ಅದನ್ನೇ ಅಣಕಿಸುತ್ತಿದ್ದರು, ದೊಡ್ಡವರು ನಗುತ್ತಿದ್ದರು. ಹೋದ ಮಳೆಗಾಲದಲ್ಲಿ ಒಂದು ದಿನ ಊರೆಲ್ಲ ಹೀಗೇ ನಗುತ್ತಿದ್ದಾಗ ಎರಡು ಮನೆಗಳು ಬಡಿದುಕೊಂಡವು. ನಡುವೆ ಸಿಕ್ಕಿದ್ದು ಗಿರಿಮಲ್ಲನ ಬಲಗೈ. ಗುಡಿಯ ಭಜನೆಗೆ ತಬಲಾ ನುಡಿಸುತ್ತಿದ್ದ ಕೈ. ಮೂರು ಬೆರಳು ಮತ್ತೆ ಮಡಚಲಿಲ್ಲ.

ಗಿರಿಮಲ್ಲನ ಹೆಂಡತಿ ನೀಲಗಂಗಾ ಹೊಳೆಗಣ್ಣಿನ ಕೋಣೆಯನ್ನು ನೋಡಿಕೊಳ್ಳುತ್ತಿದ್ದಳು. ಆ ದಿನ ಯಂತ್ರದ ಲೆಕ್ಕದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಅದೇ ಅವಳನ್ನು ಹೆಚ್ಚು ಕಾಡಿತು. ಅಣೆಕಟ್ಟಿನ ಕಚೇರಿಯವರು ಬಂದು, "ಇನ್ನೊಮ್ಮೆ ಹಿಂಗಾದ್ರ ಊರನ್ನ ದಡಕ್ಕ ಎಳೀತೀವ್ರಿ, ಆಮ್ಯಾಲ ನಮ್ಮನ್ನ ಬೈಬ್ಯಾಡ್ರಿ" ಎಂದು ಹೇಳಿ ಹೋದರು. ದಡಕ್ಕೆ ಎಳೆದರೆ ಗದ್ದುಗೆ ನೀರಲ್ಲಿ ಒಂಟಿಯಾಗುತ್ತದೆ. ಮುಂದಿನ ಮಳೆಗಾಲದೊಳಗೆ ಊರು ಓಗೊಡುವ ಒಂದು ದನಿ ಬೇಕಿತ್ತು.

ದನಿ ಬದಲಿಸುವುದು ಯಂತ್ರಕ್ಕೆ ಕಷ್ಟವಲ್ಲ. ಯಾರದಾದರೂ ಒಂದಷ್ಟು ಮಾತು ಕೇಳಿಸಿದರೆ ಸಾಕು, ಅವರಂತೆಯೇ ಮಾತಾಡುತ್ತಿತ್ತು. ಆದರೆ ಒಮ್ಮೆ ಆರಿಸಿದ ದನಿ ವರ್ಷಗಟ್ಟಲೆ ಉಳಿಯಬೇಕು. ಕೇಳಿದ ಕೂಡಲೇ ಕಾಲು ತಾನೇ ರಾಟೆಯ ಕಡೆ ಹೋಗಬೇಕಾದರೆ, ಆ ದನಿ ಮೈಗೆ ರೂಢಿಯಾಗಬೇಕು.

ಯಾರ ದನಿ? ಊರಲ್ಲಿ ಮೂರು ಹೆಸರು ಎದ್ದವು. ಒಂದು, ಲಿಂಗೈಕ್ಯರಾದ ಅಡವಯ್ಯಜ್ಜಾರದು. ಅವರ ಪ್ರವಚನಗಳ ಧ್ವನಿಮುದ್ರಣ ಊರಿನಲ್ಲಿತ್ತು. ಎರಡು, ಕುಸ್ತಿ ಕಣದಲ್ಲಿ ಮೈಕು ಹಿಡಿದು ಕೂಗುವ ಪರಸಪ್ಪನದು. ಮೂರು, ದಿನಾ ಬೆಳಗ್ಗೆ ಸಂಜೆ ದಡಕ್ಕೆ ಹೋಗಿ ಹರಿಗೋಲಿನಲ್ಲಿ ಹಾಲು ತಂದು, ಮನೆಮನೆಯ ಹೆಸರು ಹಿಡಿದು ಕರೆಯುವ ಮೌಲಾಬಿಯದು.

ಪಂಚಾಯಿತಿಯ ಹಿರಿಯರು ರಾಚಯ್ಯ ಮಾಸ್ತರರು. ರಾಟೆಗೊಂದು ಮತ, ಒಬ್ಬರ ಹೆಸರು ಹೇಳಿದರೆ ಸಾಕು ಎಂದರು. ಅಜ್ಜಾರಿಗೆ ನಲವತ್ತೆಂಟು ಬಂತು, ಪರಸಪ್ಪನಿಗೆ ನಲವತ್ತೆರಡು, ಮೌಲಾಬಿಗೆ ಮೂವತ್ತು. ಎಲ್ಲರಿಗಿಂತ ಹೆಚ್ಚು ಅಜ್ಜಾರಿಗೆ. ಮುಗಿಯಿತು ಎಂದುಕೊಂಡರು.

ಮುಂದಿನ ಸೋಮವಾರ ತಾಲೀಮು. ಹೊಳೆ ಶಾಂತವಾಗಿತ್ತು. ನೀಲಗಂಗಾ ಕೋಣೆಯಲ್ಲಿ ಕುಳಿತು ಪರದೆ ನೋಡುತ್ತಿದ್ದಳು. ಪ್ರತಿ ಹಗ್ಗವೂ ಅಲ್ಲೊಂದು ಗೆರೆ. ದನಿಪೆಟ್ಟಿಗೆಗಳಲ್ಲಿ ಅಜ್ಜಾರ ತುಂಬಿದ, ನಿಧಾನದ ದನಿ ಎದ್ದಿತು. "ಹಗ್ಗ ಬಿಡ್ರಪಾ... ಎರಡು ಸುತ್ತು..."

ಒಂದು ಗೆರೆಯೂ ಅಲುಗಲಿಲ್ಲ.

ಅವಳು ಓಡಿ ಹೊರಗೆ ಬಂದು ನೋಡಿದರೆ, ತನ್ನ ಮನೆಯ ಅಂಚಿನಲ್ಲೇ ಅತ್ತೆ ಬಾಳವ್ವ ಚಪ್ಪಲಿ ಬಿಟ್ಟು, ಸೆರಗು ತಲೆಗೆ ಹೊದ್ದು, ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು. ಪಕ್ಕದ ಮನೆಯಲ್ಲಿ ಒಬ್ಬ ಮುದುಕ ಮಂಡಿಯೂರಿದ್ದ. ಅದರಾಚೆ ಒಬ್ಬಾಕೆ ಊದಿನಕಡ್ಡಿ ಹಚ್ಚುತ್ತಿದ್ದಳು.

"ಅತ್ತೀ! ರಾಟಿ ತಿರುವ್ರಿ!"

ಬಾಳವ್ವ ಕಣ್ಣು ತೆರೆದಳು. "ಅಜ್ಜಾರು ಮಾತಾಡಾಕತ್ತಾಗ ರಾಟಿ ಗರಗರ ಅನಸ್ಲೇನ? ನಿನಗ ಬುದ್ಧಿ ಐತೋ ಇಲ್ಲೋ!"

ಅಜ್ಜಾರನ್ನು ಆರಿಸದ ಮನೆಗಳ ಸಿಟ್ಟು ಬೇರೆ. ಅವರೂ ಭಕ್ತರೇ. "ಲಿಂಗದ ಮಾತು ಆಡಿದ ಬಾಯಾಗ ಹಗ್ಗದ ಮಾತು ಆಡಸ್ತೀರಿ? ಇದಕ್ಕಿಂತ ಪಾಪ ಏನೈತಿ?" ಎಂದು ಪೆಟ್ಟಿಗೆಯನ್ನೇ ಬಂದ್ ಮಾಡಿದ್ದರು. ಕೆಲವರು ಭಕ್ತಿಯಿಂದ ಅಜ್ಜಾರನ್ನು ಎಲ್ಲರಿಗಿಂತ ಮೇಲಿಟ್ಟಿದ್ದರು. ಉಳಿದವರು ಅದೇ ಭಕ್ತಿಯಿಂದ ಅವರ ಹೆಸರನ್ನು ಈ ಕೆಲಸಕ್ಕೆ ಕಟ್ಟಕಡೆಗೆ ಇಟ್ಟಿದ್ದರು.

ಆ ಸಂಜೆ ಗಿರಿಮಲ್ಲ ರೊಟ್ಟಿ ಮುರಿಯುತ್ತ ಎಡಗೈಯಲ್ಲೇ ಉಣ್ಣುತ್ತಿದ್ದ. "ನಾ ಪರಸ್ಯಾನ ಹೆಸರು ಹೇಳು ಅಂದಿದ್ದೆ, ಅವ್ವ ಕೇಳಲಿಲ್ಲ," ಎಂದ. "ಅವ ಬ್ಯಾಡ ಅಂದ್ರ ಮೌಲಕ್ಕ ಆದ್ರೂ ಆಗಲಿ. ಅಜ್ಜಾರಿಗಿಂತ ಆಕಿ ಕರದಿದ್ರ ಛಲೋ ಇತ್ತು."

ಮಾಸ್ತರರು ಇನ್ನೊಂದು ದಾರಿ ಹೇಳಿದರು. ಮುಂದಿದ್ದ ಇಬ್ಬರನ್ನು ಮಾತ್ರ ನಿಲ್ಲಿಸಿ ಮತ್ತೆ ಕೇಳೋಣ. ಕಡಿಮೆ ಬಂದ ಮೌಲಾಬಿಯನ್ನು ಬಿಟ್ಟರು. ಮೌಲಾಬಿಯ ಹೆಸರು ಹೇಳಿದ್ದ ಮೂವತ್ತು ಮನೆಗಳೂ ಪರಸಪ್ಪನ ಕಡೆ ಬಂದವು. ಅವನಿಗೆ ಎಪ್ಪತ್ತೆರಡು, ಅಜ್ಜಾರಿಗೆ ಅದೇ ನಲವತ್ತೆಂಟು. ಅರ್ಧಕ್ಕಿಂತ ಹೆಚ್ಚು ಊರು ಪರಸಪ್ಪನ ಹಿಂದೆ ನಿಂತಿತು ಎಂದು ಹುಡುಗರು ಹಲಗಿ ವಾದ್ಯ ಬಾರಿಸಿದರು.

ಮತ್ತೆ ತಾಲೀಮು. "ಏ ಹಾ ಹಾ ಹಾ! ಬಂತ್ ನೋಡ್ರಿ ಗಾಳಿ! ಬಿಡ್ರಿ ಹಗ್ಗ ಎರಡು ಸುತ್ತು! ಯಾರಪ್ಪ ಅಂವ ಗಂಡಸು!" ಎಂದು ಪೆಟ್ಟಿಗೆ ಗುಡುಗಿತು. ಪರದೆಯ ಮೇಲೆ ಗೆರೆಗಳು ಕುಣಿಯತೊಡಗಿದವು. ಎರಡು ಸುತ್ತು ಎಂದರೆ ಒಬ್ಬ ಐದು ಬಿಟ್ಟ. ಎದುರು ಮನೆಯವನು ಅವನಿಗೇನು ಕಡಿಮೆ ಎಂದು ಏಳು ಬಿಟ್ಟ. ಮನೆಗಳು ಅಡ್ಡಾದಿಡ್ಡಿ ತೇಲಿದವು, ಒಬ್ಬರ ಹಪ್ಪಳದ ಚಾಪೆ ನೀರು ಪಾಲಾಯಿತು. ಅಜ್ಜಾರ ಕಡೆಯ ಮನೆಗಳಂತೂ ಪೆಟ್ಟಿಗೆಗೆ ಕಂಬಳಿ ಹೊದಿಸಿಬಿಟ್ಟಿದ್ದವು.

"ಸಂಜೀ ಹೊತ್ತು ದೇವರ ಮುಂದ ಕುಂತಾಗ ಅವನ ಬಾಯಿ ಕೇಳಬೇಕೇನ?" ಬಾಳವ್ವ ಗೊಣಗಿದಳು. "ಅವನಕಿಂತ ಮೌಲಾಬಿ ಕೂಗಿದ್ರ ಎಷ್ಟೋ ಪಾಡಿತ್ತು. ಆಕಿ ಮನಿ ಮಗಳಿದ್ದಂಗ."

ನೀಲಗಂಗಾ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು.

"ಅತ್ತೀ, ಇನ್ನೊಮ್ಮೆ ಹೇಳ್ರಿ?"

"ಏನ್ ಹೇಳಲಿ? ಮೌಲಾಬಿ ಪಾಡು, ಛಲೋ ಅಂದೆ."

"ನಿಮ್ಮ ಮಗಾನೂ ಹಂಗ ಅಂದ್ರು. ಅವರು ಅಜ್ಜಾರಿಗಿಂತ ಮೌಲಕ್ಕ ಪಾಡು ಅಂದ್ರು. ನೀವು ಪರಸಪ್ಪಗಿಂತ ಮೌಲಕ್ಕ ಪಾಡು ಅಂತೀರಿ."

"ಅದಕ್ಕ?" ಎಂದ ಗಿರಿಮಲ್ಲ.

"ಅದಕ್ಕ ಏನಂದ್ರ, ಆಕೀನ ನಾವು ಮದ್ಲ ಹೊರಗ ಹಾಕಿದ್ವಿ! ಮೊನ್ನೆ ಅಜ್ಜಾರು ಗೆದ್ರು. ಇವತ್ತು ಪರಸಪ್ಪ ಗೆದ್ದ. ಊರಿನ ಮಂದಿ ಅವರಽ, ಅವರ ಮನಸೂ ಅದಽ. ಯಾರೂ ಬದಲಾಗಿಲ್ಲ. ಕೇಳೋ ರೀತಿ ಬದಲಾತು, ಗೆದ್ದವರು ಬದಲಾದ್ರು."

ಗಿರಿಮಲ್ಲ ನಕ್ಕ. "ಹಂಗಾದ್ರ ಇನ್ನೊಂದು ರೀತಿ ಕೇಳಿದ್ರ ದಡದಾಗಿನ ಎಮ್ಮಿ ಗೆಲ್ಲಬಹುದು."

"ನಗಬ್ಯಾಡ್ರಿ. ಯಾವ ರೀತಿ ಕೇಳಿದ್ರ ಊರಿನ ಮನಸಿಗೆ ಮೋಸ ಆಗೂದಿಲ್ಲ ಅಂತ ನೋಡಬೇಕಲ್ಲ."

ಉತ್ತರ ಅವಳಿಗೆ ಸಿಕ್ಕಿದ್ದು ಗುಡಿಯಲ್ಲಿ, ಮುಂದಿನ ಸೋಮವಾರದ ಭಜನೆಯಲ್ಲಿ. ತೇಲಿಹಾಳದ ಭಜನೆಗೆ ಒಂದು ಪದ್ಧತಿ ಇತ್ತು. ಹಳೆಯ ಊರಿನಿಂದ ಬಂದದ್ದು. ಆ ದಿನ ಮುಂದೆ ಹಾಡುವವರು ಯಾರು ಎಂದು ಯಾರೂ ಗೊತ್ತುಮಾಡುತ್ತಿರಲಿಲ್ಲ. ಇಬ್ಬರು ಎದ್ದು ಒಬ್ಬರಾದ ಮೇಲೆ ಒಬ್ಬರು ಪಲ್ಲವಿ ಎತ್ತುವುದು. ಯಾರ ಪಲ್ಲವಿಗೆ ಹೆಚ್ಚು ಕೊರಳು ಸೇರಿದವೋ ಅವರು ನಿಲ್ಲುವುದು, ಇನ್ನೊಬ್ಬರು ನಮಸ್ಕಾರ ಮಾಡಿ ಹಿಮ್ಮೇಳಕ್ಕೆ ಕೂರುವುದು. ಆಮೇಲೆ ಮೂರನೆಯವರು ಎದ್ದು, ನಿಂತವರ ಎದುರು ಎತ್ತುವುದು. ನಿನಗೆ ಯಾರ ಹಾಡು ಎಲ್ಲಕ್ಕಿಂತ ಇಷ್ಟ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಈ ಇಬ್ಬರಲ್ಲಿ ಯಾರಿಗೆ ದನಿಗೂಡಿಸುತ್ತೀ, ಅಷ್ಟೇ. ಚಿಕ್ಕಂದಿನಿಂದ ಕಂಡ ಆ ಪದ್ಧತಿಯನ್ನು ನೀಲಗಂಗಾ ಆ ದಿನ ಮೊದಲ ಸಲ ನೋಡುವಂತೆ ನೋಡಿದಳು.

ಮರುದಿನ ರಾಚಯ್ಯ ಮಾಸ್ತರರು ಕೋಣೆಗೆ ಬಂದಾಗ ಅವಳು ಇದನ್ನೇ ಹೇಳಿದಳು. "ಇಬ್ಬಿಬ್ಬರನ್ನ ನಿಲ್ಲಿಸಿ ಕೇಳೂಣ್ರಿ ಸರ್. ಬ್ಯಾರೆ ಯಾರ ಎದುರು ನಿಂತ್ರೂ ಅರ್ಧಕ್ಕಿಂತ ಹೆಚ್ಚು ಊರು ಯಾರಿಗೆ ಓಗೊಡತೈತೋ ಅವರು ಒಬ್ಬರು ಇದ್ರ, ಅವರನ್ನ ಸೋಲಿಸೋ ರೀತಿ ಸರಿಯಾದ ರೀತಿ ಅಲ್ಲ."

ಮಾಸ್ತರರು ಗಣಿತ ಕಲಿಸಿದವರು. ಕನ್ನಡಕ ಒರೆಸಿಕೊಂಡರು. "ಒಪ್ಪಿದೆ ತಂಗಿ. ಆದ್ರ ಒಂದು ತಿಳಕೋ. ಅಜ್ಜಾರು ಮೌಲಾಬೀನ ಗೆದ್ದು, ಮೌಲಾಬಿ ಪರಸಪ್ಪನ್ನ ಗೆದ್ದು, ಪರಸಪ್ಪ ತಿರುಗಿ ಅಜ್ಜಾರನ್ನ ಗೆದ್ರ? ಬಳಿ ಸುತ್ತಿದಂಗ ಆತಲ್ಲ. ಯಾರು ಮುಂದು, ಯಾರು ಹಿಂದು?"

"ಹಂಗೂ ಆಗತೈತ್ರಿ. ಆದ್ರ ಮುಚ್ಚಿಡೂದು ಬ್ಯಾಡ. ಊರಿನ ಮನಸು ಸುತ್ತು ಹೊಡ್ಯಾಕತ್ತೈತಿ ಅಂತ ಎಲ್ಲಾರ ಮುಂದ ಹೇಳೂದು. ಆವಾಗ ಯಾರ ಸೋಲು ಎಲ್ಲಾರಕಿಂತ ಸಣ್ಣದೋ ಅವರನ್ನ ತಗೊಳ್ಳೂದು. ಯಾವ ರೀತಿನೂ ದೇವರು ಬರದು ಕೊಟ್ಟಿದ್ದಲ್ಲ ಸರ್. ಇದು ಉಳಿದವುಕ್ಕಿಂತ ಕಡಿಮಿ ಮೋಸದ್ದು."

ಮಾಸ್ತರರು ತಲೆಯಾಡಿಸಿದರು.

ತೊಡಕು ಇದ್ದದ್ದು ಮನೆಯಲ್ಲಿ. "ಅಜ್ಜಾರ ಎದುರಿಗೆ ಇನ್ನೊಬ್ಬರನ್ನ ನಿಂದ್ರಸ್ತೀಯಾ?" ಬಾಳವ್ವ ಉಸಿರು ಬಿಟ್ಟು ಕೂತಳು. ನೀಲಗಂಗಾ ದೇವರ ಮುಂದಿನ ಬತ್ತಿ ಸರಿಮಾಡಿ ಪಕ್ಕದಲ್ಲಿ ಕುಳಿತಳು. ಬಾಳವ್ವ ಆ ದೀಪವನ್ನೇ ನೋಡುತ್ತ, ತನಗೇ ಹೇಳಿಕೊಳ್ಳುವಂತೆ ಅಂದಳು.

"ನಾ ಮದುವ್ಯಾಗಿ ಬಂದ ಹೊಸದಾಗ ಒಂದಿನ ಅಜ್ಜಾರೂ ಪಲ್ಲವಿ ಎತ್ತಿದ್ರು. ಎದುರಿಗೆ ಎದ್ದವ ಒಬ್ಬ ಕುಂಬಾರ ಹುಡುಗ. ಮಂದಿ ಕೊರಳು ಆ ಹುಡುಗನ ಕಡೆ ಹೋದ್ವು. ಅಜ್ಜಾರು ನಕ್ಕೋಂತ ನಮಸ್ಕಾರ ಮಾಡಿ, ಹಿಂದ ಹೋಗಿ ಕುಂತು, ತಾಳ ಹಾಕಿದ್ರು ನೋಡವ್ವ. ಅವತ್ತಿನ ಭಜನಿ ಮುಗದಽ ಇಲ್ಲ ಅನಸ್ತೈತಿ ನನಗ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೇಳು ಹೋಗು. ನಾ ಮಾತ್ರ ಅಜ್ಜಾರ ಕಡೇನಽ."

"ಇರ್ರಿ ಅತ್ತೀ. ನೀವು ಬದಲಾಗ್ರಿ ಅಂತ ಯಾರೂ ಅಂದಿಲ್ಲ."

ದೀಪದ ಮತ ಎಂದು ಊರು ಅದಕ್ಕೆ ಹೆಸರಿಟ್ಟಿತು. ಮೊದಲ ಸಂಜೆ ಅಜ್ಜಾರು ಮತ್ತು ಮೌಲಾಬಿ. ಎರಡು ದನಿಯಲ್ಲೂ ಪೆಟ್ಟಿಗೆ ಒಂದೇ ಮಾತು ಹೇಳಿತು. ಅಜ್ಜಾರ ದನಿಗೆ ರಾಟೆ ತಿರುಗಿಸುವೆವು ಎನ್ನುವವರು ಬಾಗಿಲ ಬಲಕ್ಕೆ ದೀಪ ಇಡಬೇಕು, ಮೌಲಾಬಿಯ ದನಿಗೆ ಎನ್ನುವವರು ಎಡಕ್ಕೆ. ಯಾರ ಮನೆಯೂ ಕತ್ತಲಲ್ಲಿ ಉಳಿಯಬಾರದು ಎಂದು ನೀಲಗಂಗಾ ಹಾಗೆ ಮಾಡಿದ್ದಳು. ಬಾಳವ್ವ ಬಲಕ್ಕೇ ಇಟ್ಟಳು. ಮುಸ್ಸಂಜೆಯ ನೀರಿನಲ್ಲಿ ದೀಪಗಳು ಒಂದೊಂದಾಗಿ ಇಮ್ಮಡಿಯಾದವು. ಬಲಕ್ಕೆ ನಲವತ್ತೆಂಟು, ಎಡಕ್ಕೆ ಎಪ್ಪತ್ತೆರಡು.

ಮರುಸಂಜೆ ಪರಸಪ್ಪ ಮತ್ತು ಮೌಲಾಬಿ. ಬಾಳವ್ವನ ದೀಪ ಈ ಸಲ ಎಡಕ್ಕೆ, ಮೌಲಾಬಿಯ ಕಡೆಗೆ ಹೋಯಿತು. ಅಜ್ಜಾರನ್ನು ಆರಿಸಿದ್ದ ಮನೆಗಳೆಲ್ಲ ಹಾಗೇ ಮಾಡಿದ್ದವು. ಎಪ್ಪತ್ತೆಂಟು ದೀಪ ಮೌಲಾಬಿಗೆ, ನಲವತ್ತೆರಡು ಪರಸಪ್ಪನಿಗೆ. ಪರಸಪ್ಪ ತನ್ನ ಮನೆಯ ಅಂಚಿನಲ್ಲಿ ನಿಂತು, "ಚಿತ್ ಆದ್ನ್ಯಪ್ಪೋ!" ಎಂದು ಕೂಗಿ ಬೆನ್ನಮೇಲೆ ಮಲಗಿಬಿಟ್ಟ. ಊರೆಲ್ಲ ನಕ್ಕಿತು.

ಮೊದಲ ಸಲ ಎಲ್ಲರಿಗಿಂತ ಕಡಿಮೆ ಮತ ಬಂದಿದ್ದವಳು, ಯಾರ ಎದುರು ನಿಂತರೂ ಹೆಚ್ಚು ಜನಕ್ಕೆ ಬೇಕಾದವಳಾಗಿದ್ದಳು.

ಒಪ್ಪದವಳು ಮೌಲಾಬಿ ಒಬ್ಬಳೇ. ಮರುದಿನ ಹರಿಗೋಲನ್ನು ನೀಲಗಂಗಾಳ ಹಲಗೆಗೆ ತಾಗಿಸಿ, ಹಾಲು ಅಳೆಯುವ ಲೀಟರು ಕೈಯಲ್ಲೇ ಹಿಡಿದು ನಿಂತಳು. "ಬ್ಯಾಡವ್ವ. ನಾ ಕೂಗಿದ್ರ ಈಗ ಕೂಸುಗಳು ನಕ್ಕೋಂತ ಬರ್ತಾವ. ನಾಳಿ ಅದಽ ದನಿ ಒಳಗ ಗಾಳಿ, ನೀರು, ಸಾವು ಅಂತ ಕೂಗಿದ್ರ, ಮುಂಜಾನಿ ನಾ ಬಂದಾಗ ಹೆದರಿ ಅಳ್ತಾವ. ಮೂವತ್ತು ವರ್ಷ ಹಾಲು ಹಾಕಿದ ದನಿ ಇದು. ಕೆಡಸಬ್ಯಾಡ್ರಿ."

ಗಿರಿಮಲ್ಲ ಒಳಗಿನಿಂದ ಬಂದ. ಮಡಚದ ಬೆರಳುಗಳ ಬಲಗೈಯನ್ನು ಮುಂದೆ ಚಾಚಿದ. ತಮಾಷೆ ಮಾಡಲಿಲ್ಲ.

"ಮೌಲಕ್ಕ, ಅವತ್ತು ನೀ ಕರದಿದ್ರ ನಾ ಹೊರಗ ಬಂದು ರಾಟಿ ಹಿಡೀತಿದ್ದೆ. ಆ ಪೆಟಿಗಿ ಕರೀತು, ನಾನೂ ನಕ್ಕೋಂತ ಕುಂತೆ."

ಮೌಲಾಬಿ ಆ ಕೈಯನ್ನೇ ನೋಡಿದಳು. ಲೀಟರನ್ನು ಕ್ಯಾನಿನೊಳಗೆ ಇಳಿಬಿಟ್ಟಳು. "ಯಾ ಅಲ್ಲಾ," ಎಂದಳು ಮೆಲ್ಲಗೆ. "ಆತು. ಆದ್ರ ಹೆದರಿಸೋ ಮಾತು ನನ್ನ ಬಾಯಾಗ ಹಾಕಬ್ಯಾಡ್ರಿ. ಹೆಂಗ ಕರೀತೀನೋ ಹಂಗ ಕರೀಲಿ."

"ಅಜ್ಜಾರ ದನಿ?" ಬಾಳವ್ವ ಒಳಗಿನಿಂದಲೇ ಕೇಳಿದಳು.

"ಭಜನಿಗೆ ಇರ್ತೈತ್ರಿ ಅತ್ತೀ. ಅಲ್ಲಿ ಕೈಮುಗದು ನಿಂತ್ರೂ ಯಾರ ಮನೀನೂ ಮುಳುಗೂದಿಲ್ಲ."

ಆ ಮಳೆಗಾಲದಲ್ಲಿ ಗೇಟುಗಳು ತೆರೆದ ದಿನ ಮಧ್ಯಾಹ್ನವೇ ಆಕಾಶ ಕಪ್ಪಿಟ್ಟಿತು. ಹೊಳೆಗಣ್ಣಿನ ಕೋಣೆಯಲ್ಲಿ ಹಗ್ಗದ ಗೆರೆಗಳು ಒಂದೊಂದೇ ಕೆಂಪಾಗತೊಡಗಿದವು. ಪಡುವಣದಿಂದ ಗಾಳಿ ನೀರನ್ನು ಎಬ್ಬಿಸಿಕೊಂಡು ಬರುತ್ತಿತ್ತು. ನೀಲಗಂಗಾ ಮಾಡುವುದೇನೂ ಉಳಿದಿರಲಿಲ್ಲ; ಮೇಜನ್ನು ಗಟ್ಟಿಯಾಗಿ ಹಿಡಿದು ಶಿವನಾಮ ಹೇಳಿಕೊಂಡಳು.

ಆಗ ನೂರಿಪ್ಪತ್ತು ಪೆಟ್ಟಿಗೆಗಳಲ್ಲಿ ಮೌಲಾಬಿ ಕರೆದಳು. ಒಂದೊಂದು ಮನೆಯಲ್ಲಿ ಆ ಮನೆಯ ಹೆಸರು ಹಿಡಿದು.

"ಬಾಳಕ್ಕಾ... ಹಗ್ಗಕ್ಕ ಬಾರವ್ವಾ... ಎರಡು ಸುತ್ತು ಬಿಡು..."

ಒಂದು ಗೆರೆ ಹಸಿರಾಯಿತು. ಪಕ್ಕದ್ದು ಹಸಿರಾಯಿತು. ಆಮೇಲೆ ಸಾಲುಸಾಲಾಗಿ, ಗಾಳಿ ಜೋಳದ ಹೊಲದ ಮೇಲೆ ಹಾಯ್ದಂತೆ, ಪರದೆಯುದ್ದಕ್ಕೂ ಹಸಿರು ಹರಡಿತು. ಕೊನೆಯ ಒಂದೇ ಒಂದು ಗೆರೆ ಕೆಂಪಾಗಿ ನಿಂತಿತ್ತು. ಅದು ಯಾರ ಮನೆ ಎಂದು ನೋಡಿದರೆ, ಮೌಲಾಬಿಯದೇ ಮನೆ. ಆಕೆ ಪೆಟ್ಟಿಗೆಯ ಮುಂದೆ ನಿಂತು, "ಯಾರಿಕಿ, ನನ್ನ ಹೆಸರು ಹಿಡದು ನನ್ನಽ ಕರ್ಯಾಕತ್ತಾಳ!" ಎಂದು ಬೆರಗಾಗಿದ್ದಳಂತೆ. ಪಕ್ಕದ ಮನೆಯಿಂದ ಪರಸಪ್ಪ, "ಏ ಮೌಲಕ್ಕ, ರಾಟಿ ತಿರುವು!" ಎಂದು ತನ್ನ ಸ್ವಂತ ಬಾಯಿಯಿಂದ ಗುಡುಗಿದ. ಆ ಗೆರೆಯೂ ಹಸಿರಾಯಿತು.

ಮನೆಗಳು ಒಟ್ಟಿಗೆ ಬಾಗಿದವು, ಒಟ್ಟಿಗೆ ಸರಿದವು, ಒಟ್ಟಿಗೆ ನಿಂತವು. ಒಂದಕ್ಕೊಂದು ತಾಗಲಿಲ್ಲ. ಗಾಳಿ ಊರನ್ನು ದಾಟಿ ಮೂಡಣಕ್ಕೆ ಹೋಯಿತು.

ನೀಲಗಂಗಾ ಹೊರಗೆ ಬಂದಳು. ಮಳೆ ಸಣ್ಣಗೆ ಹನಿಯುತ್ತಿತ್ತು. ಉದ್ದಕ್ಕೂ ಮನೆಮನೆಯ ಅಂಚಿನಲ್ಲಿ ಜನ ರಾಟೆ ಹಿಡಿದು ನಿಂತಿದ್ದರು. ಅವಳು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಮುದುಕರು, ಹೆಂಗಸರು, ಹುಡುಗರು ಒಬ್ಬರೂ ಬರಿಗೈಯಲ್ಲಿ ಬಂದಿರಲಿಲ್ಲ. ಒಬ್ಬರ ಕಂಕುಳಲ್ಲಿ ಚೊಂಬು, ಒಬ್ಬರ ಕಾಲ ಬಳಿ ಪಾತೇಲಿ, ಒಂದು ಮಗುವಿನ ತಲೆಯ ಮೇಲೆ ಟೊಪ್ಪಿಗೆಯಂತೆ ಬೋಗುಣಿ. ಆ ದನಿ ಕರೆದ ಕೂಡಲೇ ಕೈ ತಾನಾಗಿ ಹಾಲಿನ ಪಾತ್ರೆಗೆ ಹೋಗಿತ್ತು, ಕಾಲು ತಾನಾಗಿ ಅಂಚಿಗೆ ಬಂದಿತ್ತು.

ಬಾಳವ್ವ ಮೊದಲು ತನ್ನ ಚೊಂಬನ್ನೂ, ಆಮೇಲೆ ಮಗನನ್ನೂ ನೋಡಿದಳು. ಗಿರಿಮಲ್ಲ ಎಡಗೈಯಲ್ಲಿ ರಾಟೆಯ ಹಿಡಿ ಹಿಡಿದೇ ಇದ್ದ. ಬಲಗೈಯ ಉಳಿದ ಎರಡು ಬೆರಳಿಗೆ ಹಿತ್ತಾಳೆಯ ತಂಬಿಗೆ ತೂಗುತ್ತಿತ್ತು.

"ಹೆದರಿ ಬಂದೀರೋ, ಹಾಲಿಗೆ ಬಂದೀರೋ?" ಮೌಲಾಬಿ ನೀರಿನಾಚೆಯಿಂದ ಕೂಗಿದಳು. ಎಲ್ಲರೂ ನಗುವುದರಲ್ಲೇ ಇದ್ದರು.

ಅವಳು ಹರಿಗೋಲು ಬಿಚ್ಚಿದಳು. ಸಂಜೆಯ ಹಾಲಿನ ಕ್ಯಾನು ಹೇಗೂ ತುಂಬಿತ್ತು. ಪಾತ್ರೆಗಳು ಹೇಗೂ ಹೊರಗೆ ಬಂದಿದ್ದವು. ಮೊದಲ ಮನೆಯಿಂದ ಶುರುಮಾಡಿ, ಹೆಸರು ಹಿಡಿದು ಕರೆಯುತ್ತ, ಒಂದೊಂದಕ್ಕೂ ಹಾಲು ಹೊಯ್ಯುತ್ತ ಬಂದಳು.